ಹಡಗಿಗೆ ನಗೆಹೆಸರು: ತಕರಾರುಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ನಾನು ಬರೆದಿದ್ದು ದೊಡ್ಡ ವಿಷಯವೇನಲ್ಲ. ನಮ್ಮ ದೇಶ ಮುಂದೆ ಕಟ್ಟಿಸುವ ಸಂಶೋಧನಾ ಹಡಗಿಗೆ ಏನು ಹೆಸರಿಡೋಣ ಎಂದು ಜನರನ್ನೇ ಕೇಳಲಿ. ಕೇಳಿದ ಮೇಲೆ ಜನ ನಗೆಹೆಸರನ್ನು ಆರಿಸಿದರೂ ಅದನ್ನೇ ಹಡಗಿನ ಮೇಲೆ ಬರೆಸಲಿ, ಅಷ್ಟೇ. ಅದಕ್ಕೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕು ತಾಲ್ಲೂಕಿನಿಂದಲೂ ಬೈದು ಪತ್ರ ಬಂದಿವೆ. ಸಮುದ್ರದ ಗಾಳಿಯೂ ಸೋಕದ ನಮ್ಮ ಜಿಲ್ಲೆಯಲ್ಲಿ ಹಡಗಿನ ಹೆಸರಿಗೆ ಇಷ್ಟು ಕಾವೇರುತ್ತದೆಂದು ಎಣಿಸಿರಲಿಲ್ಲ. ಹುರುಳಿರುವ ತಕರಾರುಗಳಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ. ಬರೀ ಸಿಟ್ಟಿರುವ ಪತ್ರಗಳಿಗೆ ಒಂದು ನಮಸ್ಕಾರ.

ಹಿಂದಿನ ಕತೆ ಗೊತ್ತಿಲ್ಲದವರಿಗೆ ಎರಡು ಮಾತು. 2016ರ ಮಾರ್ಚ್‌ನಲ್ಲಿ ಬ್ರಿಟನ್ನಿನ ನೈಸರ್ಗಿಕ ಪರಿಸರ ಸಂಶೋಧನಾ ಮಂಡಳಿ, ತಾನು 20 ಕೋಟಿ ಪೌಂಡ್ ಸುರಿದು ಕಟ್ಟಿಸುತ್ತಿದ್ದ ಧ್ರುವಪ್ರದೇಶದ ಹಡಗಿಗೆ ಹೆಸರು ಸೂಚಿಸಿ ಎಂದು ಜನರನ್ನು ಕೇಳಿತು. ಏಳು ಸಾವಿರಕ್ಕೂ ಹೆಚ್ಚು ಹೆಸರು ಬಂದವು. 1,24,109 ಮತ ಪಡೆದು ಮೊದಲು ನಿಂತದ್ದು ‘ಬೋಟಿ ಮೆಕ್‌ಬೋಟ್‌ಫೇಸ್’, ನಮ್ಮ ಬಾಯಿಗೆ ತಂದರೆ ದೋಣಿಮೂತಿ. (ನಮ್ಮೂರ ಮಿಲಿಟರಿ ಹೋಟೆಲಿನ ಬೋಟಿ ಗೊಜ್ಜಿಗೂ ಇದಕ್ಕೂ ಏನಾದರೂ ನಂಟಿದೆಯೇ ಎಂದು ಒಬ್ಬರು ಕೇಳಿದ್ದಾರೆ. ಇಲ್ಲ.) ವಿಜ್ಞಾನ ಸಚಿವರಾಗಿದ್ದ ಜೋ ಜಾನ್ಸನ್ ಅವರಿಗೆ ಇದು ರುಚಿಸಲಿಲ್ಲ. ಮೇ 6ರಂದು ಹಡಗಿಗೆ, ವನ್ಯಜೀವಿ ಸಾಕ್ಷ್ಯಚಿತ್ರಗಳ ಸರ್ ಡೇವಿಡ್ ಅಟೆನ್‌ಬರೋ ಅವರ ಹೆಸರು ಘೋಷಣೆಯಾಯಿತು. ದೋಣಿಮೂತಿ ಎಂಬ ಹೆಸರು ಸಮುದ್ರದಾಳಕ್ಕೆ ಇಳಿಸುವ, ಮನುಷ್ಯರಿಲ್ಲದೆ ತಾನೇ ಓಡಾಡುವ ಒಂದು ಹಳದಿ ಯಂತ್ರಕ್ಕೆ ಹೋಯಿತು.

ಮೊದಲ ತಕರಾರು ಮಾಲೂರಿನ ನಿವೃತ್ತ ಮೇಷ್ಟ್ರೊಬ್ಬರದು. ವಿಜ್ಞಾನ ಗಂಭೀರವಾದ ಕೆಲಸ, ಅದಕ್ಕೆ ಕೋಡಂಗಿ ಹೆಸರಿಟ್ಟರೆ ಕೆಲಸವೇ ಹಗುರವಾಗುತ್ತದೆ, ಮಕ್ಕಳು ವಿಜ್ಞಾನಿಗಳನ್ನು ಕಂಡು ನಗುತ್ತಾರೆ ಎಂಬುದು ಅವರ ವಾದ.

ಮೇಷ್ಟ್ರೇ, ನಮ್ಮದೇ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಒಬ್ಬರು 1943ರಲ್ಲಿ ಒಂದು ಪುಸ್ತಕ ತಂದರು. ಬದುಕು, ಸಾವು, ದೇವರು, ಧರ್ಮ ಇದಕ್ಕಿಂತ ಭಾರವಾದ ವಿಷಯ ಎತ್ತಿಕೊಂಡ ಪುಸ್ತಕ ಕನ್ನಡದಲ್ಲಿ ಆ ಶತಮಾನದಲ್ಲಿ ಹೆಚ್ಚೇನೂ ಬಂದಿಲ್ಲ. ಅದಕ್ಕೆ ಡಿ.ವಿ. ಗುಂಡಪ್ಪನವರು ‘ಜೀವನ ದರ್ಶನ’ ಅಂತಲೋ ‘ತತ್ತ್ವ ಮಂಜರಿ’ ಅಂತಲೋ ಹೆಸರಿಡಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಇಟ್ಟಿದ್ದು ‘ಮಂಕುತಿಮ್ಮನ ಕಗ್ಗ’. ದಡ್ಡನೊಬ್ಬನ ಹೆಸರು, ಮೇಲೆ ಕಗ್ಗ ಬೇರೆ. ಎಂಬತ್ತು ವರ್ಷ ಕಳೆದರೂ ಅದರ ಪದ್ಯಗಳನ್ನು ಮದುವೆ ಮಂಟಪದಿಂದ ವಿಧಾನಸಭೆವರೆಗೆ ಜನ ಉದ್ಧರಿಸುತ್ತಾರೆ. ತಿಮ್ಮ ಮಂಕು ಅಂತ ಯಾರೂ ಪುಸ್ತಕ ಮುಚ್ಚಿಟ್ಟಿಲ್ಲ. ಇನ್ನು ನಿಮ್ಮದೇ ತಾಲ್ಲೂಕಿನ ದೊಡ್ಡ ಸಾಹಿತಿ ತಮಗೆ ‘ಶ್ರೀನಿವಾಸ’ ಎಂಬ ಗಂಭೀರವಾದ ಕಾವ್ಯನಾಮ ಇಟ್ಟುಕೊಂಡಿದ್ದರು. ಜನ ಊರ ಹೆಸರು ಹಿಡಿದು ಮಾಸ್ತಿ ಎಂದರು, ಸಾಲದ್ದಕ್ಕೆ ಕನ್ನಡದ ಆಸ್ತಿ ಎಂದು ಪ್ರಾಸ ಕಟ್ಟಿ ಮೆರೆಸಿದರು. ಆ ಪ್ರಾಸದಲ್ಲಿ ತುಂಟತನವೂ ಇದೆ, ಗೌರವವೂ ಇದೆ.

ಹೆಸರು ಹಗುರವಾದರೆ ಕೆಲಸವೂ ಹಗುರವಾಗುತ್ತದೆಯೇ ಎಂಬ ಪ್ರಶ್ನೆಗೆ ದೋಣಿಮೂತಿಯೇ ಉತ್ತರ ಕೊಟ್ಟಾಗಿದೆ. ಆ ಹೆಸರು ಹೊತ್ತ ಯಂತ್ರ ಮೂರೂವರೆ ಮೀಟರಿಗೆ ತುಸು ಹೆಚ್ಚು ಉದ್ದ, ಟಾರ್ಪಿಡೊ ಆಕಾರ. ಒಳಗೆ ಬ್ಯಾಟರಿ, ಉಷ್ಣತೆ, ಉಪ್ಪಿನಂಶ ಅಳೆಯುವ ಉಪಕರಣಗಳು, ನೀರು ಎಷ್ಟು ಕಲಕುತ್ತಿದೆ ಎಂದು ತಿಳಿಯುವ ಸೂಕ್ಷ್ಮ ಸಾಧನ. 2017ರಲ್ಲಿ ಅದನ್ನು ಅಂಟಾರ್ಕ್ಟಿಕಾ ಬಳಿಯ ಆರ್ಕ್ನಿ ಪ್ಯಾಸೇಜ್ ಎಂಬ ಕಡಲ ಕಣಿವೆಯಲ್ಲಿ ಇಳಿಸಿದರು. ಬೆಟ್ಟಗುಡ್ಡಗಳಂಥ ತಳದ ಮೇಲೆ ಅದು ಮೂರು ದಿನದಲ್ಲಿ 180 ಕಿಲೋಮೀಟರ್ ಅಲೆದು ಬಂತು. ತಂದ ಲೆಕ್ಕ ಏನು ಹೇಳಿತು? ದಕ್ಷಿಣ ಸಾಗರದ ಮೇಲೆ ಗಾಳಿ ಜೋರಾದಂತೆ ತಳದ ನೀರು ಹೆಚ್ಚು ಕಲಕುತ್ತದೆ, ಮೇಲಿನ ಪದರದ ಬೆಚ್ಚನೆ ನೀರು ತಳದ ತಣ್ಣನೆ ನೀರಿನೊಂದಿಗೆ ಬೆರೆಯುತ್ತದೆ, ತಳ ಬೆಚ್ಚಗಾಗುತ್ತದೆ, ಬೆಚ್ಚಗಾದ ನೀರು ಹಿಗ್ಗಿ ಸಮುದ್ರಮಟ್ಟ ಏರುತ್ತದೆ. ಈ ಸಂಗತಿ 2019ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಬಂಧ ಪರಿಶೀಲಿಸಿದ ಪಂಡಿತರು ಯಂತ್ರದ ಹೆಸರು ತಮಾಷೆಯಾಗಿದೆ ಅಂತ ವಾಪಸು ಕಳಿಸಲಿಲ್ಲ.

ವಿಜ್ಞಾನಿಗಳಿಗೇ ಅವಮಾನ ಅನ್ನುತ್ತೀರಾ? ನಮ್ಮ ಇಸ್ರೋದವರೇ ತಮ್ಮ ಜಿ.ಎಸ್.ಎಲ್.ವಿ. ರಾಕೆಟ್ಟಿಗೆ, ಅದು ಕೈಕೊಟ್ಟ ಸಲಗಳನ್ನು ನೆನೆದು, ‘ನಾಟಿ ಬಾಯ್’ ಎಂದು ಹೆಸರಿಟ್ಟುಕೊಂಡಿದ್ದಾರೆ. ತುಂಟ ಹುಡುಗ. ಒಳಗಿನವರು ನಗಬಹುದು, ತೆರಿಗೆ ಕಟ್ಟುವ ಹೊರಗಿನವರು ನಗಬಾರದು ಅಂದರೆ ಅದು ಗಾಂಭೀರ್ಯವಲ್ಲ, ಮಡಿ.

ಶ್ರೀನಿವಾಸಪುರದ ಮಾವಿನ ತೋಟದ ಯಜಮಾನರೊಬ್ಬರು ಇನ್ನೊಂದು ದಾರಿಯಲ್ಲಿ ಬಂದಿದ್ದಾರೆ. ಹೆಸರಿಡುವುದು ದೊಡ್ಡವರ ಕೆಲಸ, ಹತ್ತು ಜನ ಕೂಡಿ ಹೆಸರಿಟ್ಟರೆ ಅದು ನಿಲ್ಲುವುದಿಲ್ಲ, ನಮ್ಮೂರೇ ಸಾಕ್ಷಿ ಎನ್ನುತ್ತಾರೆ. ಸಾಕ್ಷಿ ಬಲವಾಗಿಯೇ ಇದೆ. ಆ ಊರಿನ ಮೊದಲ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಿರುಪತಿ ಯಾತ್ರೆ ಮುಗಿಸಿ ಬರುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಊರಿಗೆ ಇಟ್ಟರು. ಇನ್ನೂರು ವರ್ಷ ದಾಟಿದೆ, ಹೆಸರು ಅಲುಗಿಲ್ಲ. ಒಪ್ಪಿಕೊಂಡೆ. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳೂ ಹಾಗೇ ಉಳಿದಿವೆ. ಆದರೆ ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ ಎಲ್ಲಿ? ಅದು ಈಗ ಬಂಗಾರಪೇಟೆ. ಅಲ್ಲಿಗೆ ಪಾನಿಪುರಿ ತಿನ್ನಲು ಹೋಗುವ ಹುಡುಗರಿಗೆ ಬೌರಿಂಗ್ ಅಂದರೆ ಬೆಂಗಳೂರಿನ ಆಸ್ಪತ್ರೆ.

ಅದಿರಲಿ, ಯಜಮಾನರ ತೋಟದಲ್ಲೇ ಇರುವ ಸಾಕ್ಷಿಯನ್ನು ಅವರು ಮರೆತಿದ್ದಾರೆ. ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ಮಂಡಿಗೆ ಹೋಗಿ ನಿಂತರೆ ನೆಲದ ತುಂಬ ಹಸಿರು ರಾಶಿ. ಉದ್ದನೆ ಕಾಯಿ, ತುದಿ ಕೊಕ್ಕಿನ ಹಾಗೆ ಒಂದು ಕಡೆಗೆ ಬಾಗಿದೆ, ತೊಟ್ಟಿನಲ್ಲಿ ಇನ್ನೂ ಸೊನೆ ಒಸರುತ್ತಿದೆ. ಹಮಾಲಿಗಳು ಲಾರಿಗೆ ತುಂಬುತ್ತಾರೆ, ಲಾರಿಗಳು ಚಿತ್ತೂರಿನ ಪಲ್ಪ್ ಕಾರ್ಖಾನೆಗಳ ಕಡೆ ತಿರುಗುತ್ತವೆ. ಪುಸ್ತಕದಲ್ಲಿ ಇದು ತೋತಾಪುರಿ. ತೋಟದಲ್ಲಿ? ಗಿಣಿಮೂತಿ. ಯಾವ ದಿವಾನರೂ ಇಟ್ಟ ಹೆಸರಲ್ಲ. ಯಾರೋ ಒಬ್ಬ ಕಾಯಿ ನೋಡಿ ನಕ್ಕು ಅಂದದ್ದು, ಇನ್ನೊಬ್ಬ ಹೌದಲ್ಲ ಅಂದದ್ದು. ದೋಣಿಮೂತಿ ಎಂಬ ಹೆಸರಿಗೆ ಮೂಗು ಮುರಿಯುವವರು ಗಿಣಿಮೂತಿ ಮಾರಿ ಮನೆ ಕಟ್ಟಿಸಿದ್ದಾರೆ ಎಂಬುದನ್ನು ಗಮನಿಸಬೇಕು.

ಆ ಹೆಸರಿನಿಂದ ಕಾಯಿಯ ಮಾನ ಹೋಯಿತೇ? 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರದಂತೆ ತಡೆ ಹಾಕಿದಾಗ ಶ್ರೀನಿವಾಸಪುರ ಬಂದ್ ಆಯಿತು, ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಎರಡು ರಾಜ್ಯಗಳು ಎದುರುಬದುರಾದದ್ದು ಗಿಣಿಯ ಮೂತಿಯ ಮೇಲೆ. ಆ ದಿನಗಳಲ್ಲಿ ಯಾರೂ ನಗಲಿಲ್ಲ. ಬೆಲೆ ಬಿದ್ದು ಕಾಯಿ ಮರದಲ್ಲೇ ಉಳಿದಾಗ ರೈತನ ಸಂಕಟಕ್ಕೆ ಹೆಸರು ಅಡ್ಡಬರಲಿಲ್ಲ.

ಹಣದ ಮಾತು ಎತ್ತಿದವರು ಮೂರ್ನಾಲ್ಕು ಜನ. ಜನರ ದುಡ್ಡಿನಲ್ಲಿ ಕಟ್ಟಿದ ಹಡಗಿನ ಮೇಲೆ ಹುಡುಗಾಟವೇ ಎನ್ನುತ್ತಾರೆ. ಜನರ ದುಡ್ಡು ಅಂದಮೇಲೆ ಹೆಸರು ಇಡುವ ಹಕ್ಕು ಯಾರದ್ದು? ಇದಕ್ಕೆ ಇಷ್ಟು ಸಾಕು.

ಕೋಲಾರದ ವಕೀಲರದ್ದು ಗಟ್ಟಿಯಾದ ತಕರಾರು, ಅದರ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಜನ ಎಂದರೆ ಯಾರು, ಮೊಬೈಲ್ ಹಿಡಿದ ನಾಲ್ಕು ಪುಂಡರು ಸೇರಿ ಮತದಾನವನ್ನು ಹೈಜಾಕ್ ಮಾಡುತ್ತಾರೆ, ಆಮೇಲೆ ಸರ್ಕಾರ ಮುಖ ಎಲ್ಲಿಟ್ಟುಕೊಳ್ಳಬೇಕು ಎಂದು ಕೇಳುತ್ತಾರೆ. ಹಾಗೆ ಆದದ್ದುಂಟು. 2012ರಲ್ಲಿ ಅಮೆರಿಕದಲ್ಲಿ ಮೌಂಟನ್ ಡ್ಯೂ ಪಾನೀಯದ ಹೊಸ ರುಚಿಗೆ ಹೆಸರು ಕೇಳಿದಾಗ ಹಿಟ್ಲರನನ್ನು ಹೊಗಳುವ ಸಾಲು ಮೇಲೆ ಬಂದು ಕೂತಿತ್ತು. ಆ ಸ್ಪರ್ಧೆಯನ್ನು ಅಲ್ಲೇ ಮುಚ್ಚಿದ್ದು ಸರಿ. ವಿಷ ಬೇರೆ, ನಗೆ ಬೇರೆ. ಅದನ್ನು ಜರಡಿ ಹಿಡಿಯುವುದು ಕಷ್ಟದ ಕೆಲಸವೂ ಅಲ್ಲ. ಬೈಗುಳ, ಜಾತಿನಿಂದೆ, ಜೀವಂತ ರಾಜಕಾರಣಿಯ ಹೆಸರು, ಕಂಪನಿಯ ಹೆಸರು ನಡೆಯುವುದಿಲ್ಲ ಎಂದು ಮೊದಲೇ ಅಚ್ಚುಹಾಕಿಸಿ. ಉಳಿದದ್ದಕ್ಕೆ ಬಾಗಿಲು ತೆರೆಯಿರಿ.

ಆದರೆ ವಕೀಲರೇ, ನಮ್ಮ ನಾಡಿನಲ್ಲಿ ಹೆಸರಿಡುವಾಗ ಹೆದರಬೇಕಾದ್ದು ತಮಾಷೆಗಲ್ಲ. ಒಂದು ವೃತ್ತಕ್ಕೆ, ಒಂದು ಬಸ್ ನಿಲ್ದಾಣಕ್ಕೆ ಹೆಸರು ಅಂದರೆ ಏನಾಗುತ್ತದೆಂದು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ದಿನಾ ನೋಡುವವರು ನೀವು. ಒಂದು ಬಣ ಒಬ್ಬ ಮಹಾನುಭಾವರ ಬ್ಯಾನರ್ ಕಟ್ಟುತ್ತದೆ, ಮಾರನೆ ದಿನ ಇನ್ನೊಂದು ಬಣ ಇನ್ನೊಬ್ಬ ಮಹಾನುಭಾವರ ಪುತ್ಥಳಿಗೆ ಕಲ್ಲು ತಂದಿಳಿಸುತ್ತದೆ, ಮೂರನೆ ದಿನ ಪೊಲೀಸ್ ವ್ಯಾನು. ಬದುಕಿದ್ದಾಗ ಇಡೀ ನಾಡಿಗೆ ಸೇರಿದ್ದವರು ಸತ್ತಮೇಲೆ ಒಂದು ಸಂಘದ ಲೆಟರ್‌ಹೆಡ್ಡಿಗೆ ಸೇರುತ್ತಾರೆ. ಹಡಗಿಗೆ ಗಂಭೀರವಾದ ಹೆಸರೇ ಬೇಕು ಅಂತ ಮತ ಹಾಕಿಸಿ ನೋಡಿ: ಒಂದೊಂದು ಮಠ, ಒಂದೊಂದು ಪಕ್ಷ, ಒಂದೊಂದು ಅಭಿಮಾನಿ ಬಳಗ ತನ್ನವರಿಗೆ ಮತ ಒತ್ತಿಸಲು ನಿಲ್ಲುತ್ತದೆ. ನಗೆಹೆಸರಿಗೆ ಜಾತಿಯಿಲ್ಲ, ಪಕ್ಷವಿಲ್ಲ, ಜಯಂತಿಯಿಲ್ಲ, ಅದು ಸೋತರೂ ಯಾರ ಭಾವನೆಗೂ ಧಕ್ಕೆಯಿಲ್ಲ. ನಾನು ಇದನ್ನು ಬೆಂಬಲಿಸುವುದಕ್ಕೆ ಮುಖ್ಯ ಕಾರಣವೇ ಇದು. ಹೋದ ಸಲ ಇದನ್ನು ಬಿಡಿಸಿ ಬರೆಯಲು ಜಾಗ ಸಾಲಲಿಲ್ಲ.

ಜನ ನಕ್ಕು ಹೆಸರಿಟ್ಟಾಗ ಸಂಸ್ಥೆ ಮುಖ ಊದಿಸದೆ ಒಪ್ಪಿಕೊಂಡರೆ ಏನಾಗುತ್ತದೆ? 2007ರಲ್ಲಿ ಗ್ರೀನ್‌ಪೀಸ್ ತಾನು ಹಿಂಬಾಲಿಸುತ್ತಿದ್ದ ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಹೆಸರು ಕೇಳಿತು. ‘ಮಿಸ್ಟರ್ ಸ್ಪ್ಲಾಶಿ ಪ್ಯಾಂಟ್ಸ್’ ಎಂಬುದಕ್ಕೆ ಮುಕ್ಕಾಲಿಗಿಂತ ಹೆಚ್ಚು ಮತ ಬಿತ್ತು. ಅವರು ಸ್ವಲ್ಪ ಹಿಂದೇಟು ಹಾಕಿ, ಆಮೇಲೆ ಒಪ್ಪಿಕೊಂಡು, ಆ ಹೆಸರನ್ನೇ ಹಿಡಿದು ಪ್ರಚಾರ ನಡೆಸಿದರು. ಆ ಡಿಸೆಂಬರಿನಲ್ಲಿ ಜಪಾನ್ ಹಂಪ್‌ಬ್ಯಾಕ್ ಬೇಟೆಯನ್ನು ತಡೆಹಿಡಿಯಿತು. ಹೆಸರೊಂದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ, ಬೇರೆ ದೇಶಗಳ ಒತ್ತಡವಿತ್ತು. ಆದರೆ ತಿಮಿಂಗಿಲದ ಗೊಡವೆಯೇ ಇಲ್ಲದಿದ್ದ ಎಷ್ಟೋ ಜನ ಆ ಹೆಸರಿನಿಂದಾಗಿ ಅತ್ತ ತಿರುಗಿ ನೋಡಿದರು. ಮೋಸ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಸಿಡ್ನಿ ಇದೆ. 2017ರಲ್ಲಿ ಅಲ್ಲಿನ ಹೊಸ ಫೆರ್ರಿಗೆ ‘ಫೆರ್ರಿ ಮೆಕ್‌ಫೆರ್ರಿಫೇಸ್’ ಎಂದು ಹೆಸರಿಟ್ಟು, ಜನ ಆರಿಸಿದ್ದು ಎಂದರು. ಆಮೇಲೆ ನೋಡಿದರೆ ಅದಕ್ಕೆ ಬಿದ್ದಿದ್ದು ಇನ್ನೂರಕ್ಕೂ ಕಡಿಮೆ ಮತ. ಸಚಿವರಿಗೇ ಆ ಹೆಸರಿನ ಮೇಲೆ ಮನಸ್ಸಾಗಿತ್ತು. ಗುಟ್ಟು ರಟ್ಟಾಗಿ ಫೆರ್ರಿಯ ಹೆಸರು ಬದಲಾಯಿತು. ವಕೀಲರೇ, ಅಲ್ಲಿ ಮತ ಹೈಜಾಕ್ ಮಾಡಿದವರು ಪುಂಡರಲ್ಲ.

ಮಹಾನುಭಾವರನ್ನು ಮರೆಯಬೇಕೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಬೇಡ. 1975ರಲ್ಲಿ ಪೀಣ್ಯದಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ಮೊದಲ ಉಪಗ್ರಹಕ್ಕೆ ಆರ್ಯಭಟ, ಮಿತ್ರ, ಜವಾಹರ್ ಎಂಬ ಮೂರು ಹೆಸರು ದೆಹಲಿಗೆ ಹೋಗಿದ್ದವು. ಇಂದಿರಾ ಗಾಂಧಿ, ತಂದೆಯ ಹೆಸರು ಬಿಟ್ಟು, ಆರ್ಯಭಟ ಆರಿಸಿದರು. ಒಳ್ಳೆಯ ಆಯ್ಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಸಂಶೋಧನಾ ಹಡಗುಗಳ ಪಟ್ಟಿ ನೋಡಿ: ಸಾಗರ ಕನ್ಯಾ, ಸಾಗರ ಸಂಪದಾ, ಸಾಗರ ನಿಧಿ, ಸಾಗರ ಮಂಜೂಷಾ, ಸಾಗರ ತಾರಾ, ಸಾಗರ ಅನ್ವೇಷಿಕಾ. ಒಂದೇ ಮನೆತನದ ಮಕ್ಕಳ ಹಾಜರಿ ಪುಸ್ತಕದಂತಿದೆ. ಮಹಾನುಭಾವರೂ ಇಲ್ಲ, ನಗುವೂ ಇಲ್ಲ, ಹೆಸರಿಟ್ಟವರು ಯಾರೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇದರಲ್ಲಿ ಒಂದು ಹಡಗಿನ ಹೆಸರನ್ನಾದರೂ ಈ ಲೇಖನಕ್ಕೆ ಮುಂಚೆ ಕೇಳಿದ್ದೀರಾ? ದೋಣಿಮೂತಿಯನ್ನು ಮಾತ್ರ ಮುಳಬಾಗಿಲಿನ ಕಾಲೇಜು ಹುಡುಗರೂ ಬಲ್ಲರು.

ಹಡಗಿನ ಉಸಾಬರಿ ಕೋಲಾರದವರಿಗೇಕೆ, ನಮಗೆ ಕುಡಿಯುವ ನೀರಿಗೇ ಗತಿಯಿಲ್ಲ ಎಂಬ ಪತ್ರ ಎಲ್ಲ ತಾಲ್ಲೂಕಿನಿಂದಲೂ ಬಂದಿದೆ. ನೀರಿಗೆ ಗತಿಯಿಲ್ಲ ಅಂತಲೇ ಬೇಕು. ವರ್ಷವಿಡೀ ಹರಿಯುವ ಒಂದು ಹೊಳೆ ನಮಗಿಲ್ಲ. ಹಿಂಗಾರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತವೇ ನಮ್ಮ ಕೆರೆಗಳಿಗೆ ದಾತಾರ. 2021ರ ನವೆಂಬರಿನಲ್ಲಿ ಕೆರೆಗಳು ಕೋಡಿ ಹರಿದದ್ದು, ಅದೇ ಮಳೆಗೆ ಟೊಮೆಟೊ ತೋಟದಲ್ಲೇ ಕೊಳೆತದ್ದು ಎರಡೂ ನೆನಪಿರಬೇಕು. ಆ ಕೊಲ್ಲಿಯಲ್ಲಿ ನೀರು, ಗಾಳಿಗಳ ಲೆಕ್ಕ ಕಳಿಸುವ ತೇಲುಬುರುಡೆಗಳನ್ನು ಲಂಗರು ಹಾಕಿ ನಿಲ್ಲಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಹಡಗುಗಳು. ಟೊಮೆಟೊ ಬಿಡಿಸಲೋ ಎರಡು ದಿನ ತಡೆಯಲೋ ಎಂದು ಆಕಾಶ ನೋಡುವವನಿಗೆ ಮಲ್ಪೆಯ ಮೀನುಗಾರನಷ್ಟೇ ಆ ಹಡಗು ಬೇಕು.

ಇನ್ನು ಆಳದ ವಿಜ್ಞಾನ ನಮಗೆ ಹೊಸದೂ ಅಲ್ಲ. 1965ರಲ್ಲಿ ಕೆ.ಜಿ.ಎಫ್. ಗಣಿಯಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ಮೂರೂ ಕಡೆಯ ವಿಜ್ಞಾನಿಗಳು ಉಪಕರಣ ಹೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಜಗತ್ತಿನಲ್ಲೇ ಮೊದಲಾಗಿ ಹಿಡಿದವರಲ್ಲಿ ಸೇರಿದರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. ಮುಂದೆ 70ರ ದಶಕದಲ್ಲಿ ಅಲ್ಲಿ ಯಾವ ಲೆಕ್ಕಕ್ಕೂ ಕೂರದ ಕೆಲವು ಜಾಡುಗಳು ಕಂಡವು. ಭೌತವಿಜ್ಞಾನಿಗಳು ಅವಕ್ಕೆ ‘ಕೋಲಾರ್ ಈವೆಂಟ್ಸ್’ ಅಂದರು. ಗಣಿಯ ಶಾಫ್ಟ್‌ಗಳಿಗೆ ಗಿಫರ್ಡ್, ಹೀತ್‌ಕೋಟ್ ಎಂದು ಸಾಹೇಬರ ಹೆಸರು. ವಿಜ್ಞಾನಕ್ಕೆ ಬಿಡಿಸಲಾಗದ ಒಗಟಿಗೆ ನಮ್ಮ ಊರಿನ ಹೆಸರು. ಟೊಮೆಟೊ ಮಾರುಕಟ್ಟೆಯ ದರದ ಏರಿಳಿತ ನೋಡಿದವರು ಅದು ಸರಿಯಾಗಿದೆ ಎನ್ನುತ್ತಾರೆ.

ಬ್ರಿಟನ್ ಮಾಡಿದ ರಾಜಿಯೇ ಒಳ್ಳೆಯದಲ್ಲವೇ, ಹಡಗಿಗೆ ದೊಡ್ಡವರ ಹೆಸರು, ಮರಿಯಂತ್ರಕ್ಕೆ ಜನರ ಹೆಸರು, ಇಬ್ಬರಿಗೂ ಸಮಾಧಾನ ಎಂದು ಎರಡು ಪತ್ರ ಹೇಳುತ್ತವೆ. ಕೊನೆಯ ಮಾತು ನಮ್ಮದೇ ಎಂದು ಆ ಮಂಡಳಿ ಮೊದಲೇ ಹೇಳಿತ್ತು, ಕಾನೂನಿನ ಪ್ರಕಾರ ತಪ್ಪಿಲ್ಲ. ಅಟೆನ್‌ಬರೋ ಅವರ ಬಗ್ಗೆ ನನಗಿರುವ ಗೌರವವೂ ಕಡಿಮೆಯಲ್ಲ; ಘೋಷಣೆಯಾದ ಎರಡನೇ ದಿನಕ್ಕೆ ಅವರಿಗೆ ತೊಂಬತ್ತು ತುಂಬಿತು. ಆದರೆ ಅವರಿಗೆ ಸಿಕ್ಕಿದ್ದು ಜನ ಸೋಲಿಸಿದ ಹೆಸರು. ಆ ಹಿರಿಯರಿಗೆ ಹೆಸರು ಕೊಡಬೇಕೆಂದಿದ್ದರೆ ಮತಕ್ಕೇ ಹೋಗದೆ ನೇರವಾಗಿ ಕೊಟ್ಟು ಕೈಮುಗಿಯಬಹುದಿತ್ತು. ಆ ತಿಂಗಳಲ್ಲೇ ಪಾರ್ಲಿಮೆಂಟಿನ ವಿಜ್ಞಾನ ಸಮಿತಿ ಮಂಡಳಿಯ ಮುಖ್ಯಸ್ಥರನ್ನು ಕರೆಸಿ ಈ ಹೆಸರಿನ ಗಲಾಟೆಯ ಬಗ್ಗೆಯೇ ವಿಚಾರಿಸಿತು.

ಕೊನೆಯ ಪತ್ರ ಮುಳಬಾಗಿಲಿನ ಪದವಿ ವಿದ್ಯಾರ್ಥಿನಿಯದು. ನನ್ನನ್ನು ‘ಅಂಕಲ್’ ಎಂದು ಕರೆದೇ ಚುಚ್ಚಿದ್ದಾಳೆ. ಇದೆಲ್ಲ ಇಂಗ್ಲಿಷರ ಕುಚೋದ್ಯ, ಅವರ ತಮಾಷೆಯನ್ನು ನಾವೇಕೆ ಎರವಲು ತರಬೇಕು, ನಮ್ಮಲ್ಲಿ ಓಟು ಹಾಕಿಸಿದರೂ ಗೆಲ್ಲುವುದು ಹಿಂದಿ ಅಥವಾ ಇಂಗ್ಲಿಷ್ ಹೆಸರೇ, ಕನ್ನಡದ ನಗು ಎಣಿಕೆಗೆ ಬರುವುದಿಲ್ಲ ಎನ್ನುತ್ತಾಳೆ. ಕೊನೆಯ ಮಾತು ನಿಜವಾಗುವ ಅಪಾಯವಿದೆ, ತಾಯಿ. ಅದಕ್ಕೆ ಒಂದೊಂದು ಭಾಷೆಯಿಂದಲೂ ಒಂದೊಂದು ಹೆಸರು ಅಂತಿಮ ಸುತ್ತಿಗೆ ಬರುವಂತೆ ನಿಯಮ ಮಾಡಬೇಕು. ನಮ್ಮ ಕೆ.ಎಸ್.ಆರ್.ಟಿ.ಸಿ. 2022ರಲ್ಲಿ ಹೊಸ ಬಸ್ಸುಗಳಿಗೆ ಜನರಿಂದ ಹೆಸರು ಕರೆದಾಗ ‘ಅಂಬಾರಿ ಉತ್ಸವ’ ಬಂತು. ಒಳ್ಳೆಯದೇ, ಆದರೆ ಐರಾವತ, ರಾಜಹಂಸ, ಅಂಬಾರಿ, ಪಲ್ಲಕ್ಕಿ, ಅಶ್ವಮೇಧ ಎಂದು ನಮ್ಮ ಬಸ್ಸುಗಳೆಲ್ಲ ದಸರಾ ಮೆರವಣಿಗೆಗೆ ಹೊರಟಂತಿವೆ, ಅದರ ನಡುವೆ ಮುಳಬಾಗಿಲಿಗೆ ನಿಂತುಕೊಂಡು ಹೋಗುವವರಿಗೆ ಅದೇ ಕೆಂಪು ಬಸ್ಸು. ಕೇಳುವವರು ಬಿಗುಮಾನದಲ್ಲಿ ಕೇಳಿದರೆ ಹೇಳುವವರೂ ಬಿಗುಮಾನದಲ್ಲೇ ಹೇಳುತ್ತಾರೆ. ತಮಾಷೆ ಮಾಡಿದರೂ ನಡೆಯುತ್ತದೆ ಎಂದು ಒಂದು ಸಾಲು ಸೇರಿಸಿದ್ದರೆ ಏನೇನು ಬರುತ್ತಿತ್ತೋ.

ಎರವಲಿನ ಮಾತಿಗ್ಯಾಕೆ ಉತ್ತರ ಬರೆಯಲಿ, ಅವಳೇ ಬರೆದುಬಿಟ್ಟಿದ್ದಾಳೆ. ಎರಡು ಪುಟ ನನ್ನನ್ನು ಬೈದು, ಸಹಿಯ ಕೆಳಗೆ ಹೀಗೆ ಸೇರಿಸಿದ್ದಾಳೆ: ಅಕಸ್ಮಾತ್ ನಿಜವಾಗಿಯೂ ಕೇಳಿದರೆ ನನ್ನ ಓಟು ಹಡಗಿಗೆ ‘ಮುಳುಗದಪ್ಪ’, ಅದರಿಂದ ಕೆಳಗಿಳಿಸುವ ಯಂತ್ರಕ್ಕೆ ‘ಮುಳುಗಪ್ಪ’. ಮನೆಯಲ್ಲಿ ಅಜ್ಜಿಗೆ ಓದಿ ಹೇಳಿದಳಂತೆ. ಅವರು ತೆಲುಗಿನಲ್ಲಿ ಇನ್ನೊಂದು ಹೆಸರು ಹೇಳಿದರಂತೆ. ಅದನ್ನು ಇಲ್ಲಿ ಅಚ್ಚು ಹಾಕಲು ಸಂಪಾದಕರು ಒಪ್ಪುತ್ತಿಲ್ಲ.